ನವಿಲುಗರಿ ಬಣ್ಣದ ಸೋಫಾ ಬಂತು, ಗೋಡೆಗೆ ಯಾವ ಬಣ್ಣ?

ಶೋರೂಮ್‌ನಲ್ಲಿ ಮಿರಮಿರ ಮಿಂಚುತ್ತಿದ್ದ ನವಿಲುಗರಿ ಬಣ್ಣದ ವೆಲ್ವೆಟ್ ಸೋಫಾ ಮನೆಗೆ ಬಂದು ಕೂತ ಕೂಡಲೇ ಬೇರೆಯೇ ಆಗಿ ಕಾಣುತ್ತದೆ. ನಿನ್ನೆವರೆಗೆ ಚೆನ್ನಾಗಿದ್ದ ಕ್ರೀಮ್ ಗೋಡೆ ಹಳದಿ ಹೊಡೆಯುತ್ತದೆ. ಸಂಜೆ ಟ್ಯೂಬ್‌ಲೈಟ್ ಹಾಕಿದರೆ ಇಡೀ ಹಾಲ್‌ಗೆ ಆಸ್ಪತ್ರೆಯ ಕಳೆ. ಆಗ ಬಹಳ ಜನ ಮಾಡುವುದು ಒಂದೇ ಕೆಲಸ: ಸೋಫಾದ ಹಿಂದಿನ ಗೋಡೆಗೂ ಅದೇ ನೀಲಿ ಬಳಿಸಿ, ಅದೇ ನೀಲಿಯ ಪರದೆ ತರುತ್ತಾರೆ. ಅಷ್ಟು ದುಡ್ಡು ಕೊಟ್ಟು ತಂದ ಸೋಫಾ ಗೋಡೆಯೊಳಗೆ ಮುಳುಗಿಹೋಗುತ್ತದೆ.

ಸೀರೆ ಆರಿಸಲು ಬರುವವರಿಗೆ ಇದು ಹೊಸ ವಿದ್ಯೆಯಲ್ಲ. ಇಳಕಲ್ ಸೀರೆಯ ಕೆಂಪು ಸೆರಗಿಗೆ ಆ ಕಳೆ ಬರುವುದು ಒಡಲಿನ ಬಣ್ಣ ಬೇರೆ ಇರುವುದರಿಂದ, ಜೊತೆಗೆ ಅದೇ ಕೆಂಪು ಅಂಚಿನಲ್ಲೂ ಓಡುವುದರಿಂದ. ಹಾಲ್‌ನಲ್ಲಿ ಸೋಫಾವೇ ಸೆರಗು. ಗೋಡೆ, ನೆಲ, ಪರದೆ ಒಡಲು. ಕುಶನ್, ಚಿತ್ರ, ಟೀಪಾಯಿ ಮೇಲಿನ ಬಟ್ಟಲು ಅಂಚು. ಈ ಮೂರರ ಪಾಲು ತಪ್ಪಬಾರದು.

ಕೆಳಗಿನ ಲೆಕ್ಕವೆಲ್ಲ 12 ಅಡಿ ಅಗಲ, 16 ಅಡಿ ಉದ್ದದ ಹಾಲ್ ಮತ್ತು ಏಳು ಅಡಿಯ ಮೂರು ಸೀಟಿನ ಸೋಫಾಕ್ಕೆ. ಸಾಸಿವೆ ಹಳದಿ ಅಥವಾ ಇಟ್ಟಿಗೆ ಕೆಂಪು ಸೋಫಾ ಆದರೆ ಏನು ಬದಲಾಗುತ್ತದೆ ಎಂಬುದನ್ನು ಅಲ್ಲಲ್ಲೇ ಹೇಳಿದೆ.

1. ಮೊದಲು ದೀಪ ಬದಲಿಸಿ

ಬಣ್ಣದ ಅಂಗಡಿಗೆ ಹೋಗುವ ಮುಂಚೆ ಎಲೆಕ್ಟ್ರಿಕಲ್ ಅಂಗಡಿಗೆ ಹೋಗಿ. ನಮ್ಮ ಬಹುಪಾಲು ಮನೆಗಳಲ್ಲಿರುವುದು ‘ಕೂಲ್ ಡೇಲೈಟ್’ ಎಂದು ಮಾರುವ 6500 ಕೆಲ್ವಿನ್ ಬೆಳಕು (ಕೆಲ್ವಿನ್ ಎಂದರೆ ಬೆಳಕಿನ ಬಣ್ಣದ ಅಳತೆ, ಅಂಕಿ ಇಳಿದಷ್ಟೂ ಬೆಳಕು ಹಳದಿ). ಇದರಡಿ ನೀಲಿ ಸೋಫಾ ಇನ್ನಷ್ಟು ತಣ್ಣಗಾಗುತ್ತದೆ, ಸಾಸಿವೆ ಹಳದಿ ಹಸಿರಿಗೆ ತಿರುಗುತ್ತದೆ. ಹಾಗೆಂದು ಹೋಟೆಲಿನಂತೆ ಎಲ್ಲವನ್ನೂ 2700 ಕೆಲ್ವಿನ್‌ನ ಹಳದಿ ಬಲ್ಬ್ ಮಾಡಿದರೆ ಆ ಬೆಳಕಿನಲ್ಲಿ ನೀಲಿಯ ಅಂಶವೇ ಕಡಿಮೆ. ನವಿಲುಗರಿಯ ನೀಲಿ ಸತ್ತು ಬರೀ ಕೊಳೆ ಹಸಿರು ಉಳಿಯುತ್ತದೆ.

ಮಧ್ಯದ್ದು ಸರಿ. 20 ವಾಟ್‌ನ ಎರಡು ಎಲ್‌ಇಡಿ ಬ್ಯಾಟನ್, 4000 ಕೆಲ್ವಿನ್. ಎರಡೂ ಸೇರಿ ಸುಮಾರು 4000 ಲ್ಯೂಮೆನ್ ಕೊಡುತ್ತವೆ, ಈ ಅಳತೆಯ ಹಾಲ್‌ಗೆ ಸಾಕು. ಇವನ್ನು ಸೋಫಾದ ನೆತ್ತಿಯ ಮೇಲೆ ಹಾಕದೆ ಎದುರು ಗೋಡೆಗೆ ಹಾಕಿಸಿ. ವೆಲ್ವೆಟ್ ಎದುರಿನಿಂದ ಬೆಳಕು ಬಿದ್ದರೆ ಮೈದುಂಬಿ ಕಾಣುತ್ತದೆ. ಮೂಲೆಯಲ್ಲಿ 3000 ಕೆಲ್ವಿನ್‌ನ 9 ವಾಟ್ ಬಲ್ಬಿನ ಒಂದು ನಿಲ್ಲುವ ದೀಪ ಇರಲಿ. ಸೋಫಾ ಕೆಂಪು ಅಥವಾ ಸಾಸಿವೆಯಾದರೆ ಬ್ಯಾಟನ್‌ಗಳನ್ನೂ 3000ಕ್ಕೆ ಇಳಿಸಬಹುದು.

ಡಬ್ಬಿಯ ಮೇಲೆ ಸಿಆರ್‌ಐ ಎಂಬ ಅಂಕಿ ನೋಡಿ, ದೀಪ ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬುದರ ಅಳತೆ ಅದು. 80 ಕನಿಷ್ಠ, 90 ಸಿಕ್ಕರೆ ಬಿಡಬೇಡಿ. ಕಡಿಮೆ ಸಿಆರ್‌ಐ ದೀಪದಲ್ಲಿ ಕೆಂಪು ಬಟ್ಟೆ ಕಂದಾಗಿ ಕಾಣುತ್ತದೆ. ಈ ಅಂಕಿಯನ್ನೇ ಮುದ್ರಿಸದ ಅಗ್ಗದ ಬಲ್ಬ್ ತರಲೇಬೇಡಿ. ಪಿಒಪಿ ಸೀಲಿಂಗ್‌ನೊಳಗೆ ನೀಲಿ, ನೇರಳೆ ಸ್ಟ್ರಿಪ್ ಲೈಟ್ ಇದ್ದರೆ ಅದರ ಸಂಪರ್ಕ ಬಿಡಿಸಿಬಿಡಿ. ಬಣ್ಣದ ಬೆಳಕಿರುವ ಕೋಣೆಯಲ್ಲಿ ಯಾವ ಬಣ್ಣವನ್ನೂ ತೂಗಿ ನೋಡಲಾಗದು.

2. ಗೋಡೆಯ ಬಣ್ಣ: ಎಲ್ಲರೂ ಎಡವುವುದು ಇಲ್ಲೇ

ಶೇಡ್ ಕಾರ್ಡ್‌ನ ಬೆರಳುದ್ದದ ಚೌಕ ನೋಡಿ ಬಣ್ಣ ಆರಿಸಬೇಡಿ. ಕಾರ್ಡಿನಲ್ಲಿ ಆ ಬಣ್ಣ ಒಂಟಿಯಾಗಿರುತ್ತದೆ, ಮನೆಯಲ್ಲಿ ಸೋಫಾದ ಪಕ್ಕ ಬದುಕಬೇಕು. ಅಲ್ಲಿ ಎರಡು ಸಂಗತಿ ನಡೆಯುತ್ತವೆ.

ಒಂದು, ಕಣ್ಣಿನೊಳಗೆ. ಗಾಢ ಬಣ್ಣವೊಂದು ತನ್ನ ಪಕ್ಕದ ತೆಳು ಬಣ್ಣವನ್ನು ತನ್ನ ವಿರುದ್ಧ ದಿಕ್ಕಿಗೆ ತಳ್ಳುತ್ತದೆ. ಪ್ಯಾರಿಸ್‌ನ ಗೋಬ್ಲ್ಯಾಂ ನೇಯ್ಗೆ ಕಾರ್ಖಾನೆಯ ಬಣ್ಣದ ವಿಭಾಗ ನೋಡಿಕೊಳ್ಳುತ್ತಿದ್ದ ರಸಾಯನಶಾಸ್ತ್ರಜ್ಞ ಮಿಷೆಲ್ ಷೆವ್ರಲ್ ಅವರಿಗೆ, ತಮ್ಮ ಕಪ್ಪು ನೂಲು ಪೇಲವವಾಗಿದೆ ಎಂಬ ದೂರು ಬಂದಿತ್ತು. ನೂಲಿನ ಬಣ್ಣದಲ್ಲಿ ದೋಷವಿರಲಿಲ್ಲ. ಪಕ್ಕದಲ್ಲಿದ್ದ ನೀಲಿ, ನೇರಳೆ ನೂಲು ಕಪ್ಪನ್ನು ಹಾಗೆ ಕಾಣಿಸುತ್ತಿತ್ತು. 1839ರಲ್ಲಿ ಅವರು ಪ್ರಕಟಿಸಿದ ಈ ನಿಯಮವೇ ನಿಮ್ಮ ಕ್ರೀಮ್ ಗೋಡೆಗೂ ಅನ್ವಯ: ನೀಲಿಯ ಪಕ್ಕ ಕ್ರೀಮ್ ಇದ್ದುದಕ್ಕಿಂತ ಹಳದಿಯಾಗುತ್ತದೆ, ಕೆಂಪಿನ ಪಕ್ಕ ತಟಸ್ಥ ಬೂದು ಬಣ್ಣ ತುಸು ಹಸಿರಾಗುತ್ತದೆ.

ಇನ್ನೊಂದು ಗೋಡೆಯ ಮೇಲೆಯೇ ನಡೆಯುತ್ತದೆ. ಬಿಸಿಲು ಸೋಫಾದ ಮೇಲೆ ಬಿದ್ದು ಚಿಮ್ಮುವಾಗ ಅದರ ಬಣ್ಣವನ್ನೂ ಹೊತ್ತು ಹಿಂದಿನ ಗೋಡೆಗೆ ಹಚ್ಚುತ್ತದೆ. ಕೆಂಪು ಸೋಫಾದ ಹಿಂದಿನ ಬಿಳಿ ಗೋಡೆಯಲ್ಲಿ ಮಧ್ಯಾಹ್ನ ಗುಲಾಬಿ ಛಾಯೆ ಕಾಣುವುದು ಇದರಿಂದಲೇ. ರೆಡ್ ಆಕ್ಸೈಡ್ ನೆಲದ ಹಳೆಯ ಮನೆಗಳಲ್ಲಿ ನೆಲವೂ ಇದೇ ಕೆಲಸ ಮಾಡುತ್ತದೆ. ಗೋಡೆಯ ಕೆಳಗಿನ ಎರಡು ಮೂರು ಅಡಿ ಯಾವಾಗಲೂ ಸ್ವಲ್ಪ ಕೆಂಪು. ಅಂಥ ಮನೆಗೆ ಸುಣ್ಣದಂಥ ಬಿಳಿಯೇ ಚೆನ್ನ, ಬೇರೆ ಯೋಚನೆ ಬೇಡ. ಕೆಂಪು ನೆಲ, ಬಿಳಿ ಗೋಡೆ, ನವಿಲುಗರಿ ಸೋಫಾ ಸೇರಿದರೆ ಅದಕ್ಕಿಂತ ಚೆಂದದ ಜೋಡಣೆ ಇಲ್ಲ.

ಕ್ರೀಮ್ ವಿಟ್ರಿಫೈಡ್ ಟೈಲ್ಸ್ ಇರುವ ಫ್ಲ್ಯಾಟ್‌ಗಳಿಗೆ ಹೀಗೆ ಪರೀಕ್ಷೆ ಮಾಡಿ:

ಮೂರು ಬಣ್ಣ ಆರಿಸಿ, ಮೂರಕ್ಕಿಂತ ಹೆಚ್ಚು ಬೇಡ. ನವಿಲುಗರಿ ಸೋಫಾಕ್ಕೆ ಒಂದು ಬೂದು ಬೆರೆತ ಬಿಳಿ, ಒಂದು ತೆಳು ಮರಳಿನ ಬಣ್ಣ, ಒಂದು ಸ್ವಲ್ಪ ಮಣ್ಣಿನ ಛಾಯೆ ಇರುವ ಬಿಳಿ. ನೀಲಿ ಬೆರೆತ ಬೂದನ್ನು ದೂರವಿಡಿ, ಮಳೆಗಾಲದಲ್ಲಿ ಕೋಣೆ ಕೊರೆಯುತ್ತದೆ. ಪ್ರತಿ ಬಣ್ಣದ 200 ಮಿಲಿಲೀಟರ್‌ನ ಸ್ಯಾಂಪಲ್ ಡಬ್ಬಿ ತನ್ನಿ. ಗೋಡೆಗೆ ನೇರ ಹಚ್ಚಬೇಡಿ. ಹಳೆಯ ಬಣ್ಣ ಸುತ್ತ ಇದ್ದರೆ ಹೊಸದು ಸುಳ್ಳು ಹೇಳುತ್ತದೆ. ಆಮೇಲೆ ಆ ತೇಪೆಗಳನ್ನು ಮುಚ್ಚಲು ಪೇಂಟರ್‌ಗೂ ಕಷ್ಟ. ದಪ್ಪ ಡ್ರಾಯಿಂಗ್ ಹಾಳೆಯ ಮೇಲೆ, ಸುತ್ತ ಎರಡು ಅಂಗುಲ ಬಿಳಿ ಅಂಚು ಬಿಟ್ಟು, ಎರಡು ಕೋಟ್ ಹಚ್ಚಿ. ಮೊದಲ ಕೋಟ್ ಪೂರ್ತಿ ಒಣಗಿದ ಮೇಲೆ ಎರಡನೆಯದು. ಒದ್ದೆ ಬಣ್ಣ ನೋಡಿ ತೀರ್ಮಾನಿಸಬೇಡಿ, ಎಮಲ್ಷನ್ ಒಣಗಿದ ಮೇಲೆ ಬಣ್ಣ ಬದಲಾಗುತ್ತದೆ.

ಹಾಳೆಗಳನ್ನು ಸೋಫಾದ ಬೆನ್ನಿನ ಅಂಚಿಗೆ ತಾಗುವಂತೆ ಗೋಡೆಗೆ ಅಂಟಿಸಿ. ನೆಲದ ಮೇಲೆ ಮಲಗಿಸಿ ನೋಡಿದರೆ ಪ್ರಯೋಜನವಿಲ್ಲ. ಗೋಡೆಗೆ ಬೀಳುವ ಬೆಳಕೇ ಬೇರೆ. ಬೆಳಿಗ್ಗೆ 8, ಮಧ್ಯಾಹ್ನ 1, ಸಂಜೆ ಐದೂವರೆ, ರಾತ್ರಿ 8, ಹೀಗೆ ನಾಲ್ಕು ಹೊತ್ತು, ಎರಡು ದಿನ ನೋಡಿ. ಪ್ರತಿ ಬಾರಿಯೂ ಬಾಗಿಲಲ್ಲಿ ನಿಂತು ನೋಡಿ, ಮುಖಕ್ಕೆ ಹಿಡಿದಲ್ಲ. ಕಿಟಕಿ ಉತ್ತರಕ್ಕಿದ್ದರೆ ಇಡೀ ದಿನ ತಣ್ಣನೆಯ ಬೆಳಕು, ಆಗ ಮಣ್ಣಿನ ಛಾಯೆಯದು ಗೆಲ್ಲುತ್ತದೆ. ಪಶ್ಚಿಮಕ್ಕಿದ್ದರೆ ಸಂಜೆ ಮರಳಿನ ಬಣ್ಣ ಕಿತ್ತಳೆಗೆ ಹೋಗುತ್ತದೆ, ಬೂದು ಬೆರೆತ ಬಿಳಿ ತಾಳುತ್ತದೆ. ನಾಲ್ಕರಲ್ಲಿ ಒಂದು ಹೊತ್ತಿಗೆ ಮಾತ್ರ ಚೆಂದ ಕಾಣುವ ಬಣ್ಣವನ್ನು ಬಿಡಿ. ಯಾವ ಹೊತ್ತಿಗೂ ಕಣ್ಣಿಗೆ ಹೊಡೆಯದ್ದನ್ನು ಆರಿಸಿ.

ನಾಲ್ಕೂ ಗೋಡೆಗೆ ಒಂದೇ ಬಣ್ಣ. ‘ಒಂದು ಗೋಡೆ ಮಾತ್ರ ಗಾಢವಾಗಿರಲಿ’ ಎಂಬ ಸಲಹೆ ತೆಳು ಬಣ್ಣದ ಸೋಫಾ ಇರುವವರಿಗೆ. ಚಿನ್ನದ ಗೆರೆಯ ವಾಲ್‌ಪೇಪರ್, ಟೆಕ್ಸ್ಚರ್ ಪೇಂಟ್ ಬೇಡ. ಇಟ್ಟಿಗೆಯಂತೆ ಕಾಣುವ ಫೋಮ್ ಶೀಟು ಅಂಟಿಸುವುದಂತೂ ಖಂಡಿತ ಬೇಡ. ತೇವ ಹಿಡಿದ ಗೋಡೆಯಲ್ಲಿ ಅದು ಮೂಲೆಯಿಂದ ಏಳುತ್ತದೆ, ಕಿತ್ತರೆ ಪುಟ್ಟಿಯನ್ನೂ ಕಿತ್ತುಕೊಂಡು ಬರುತ್ತದೆ.

ಬಾಡಿಗೆ ಮನೆಯಾಗಿದ್ದು ಬಣ್ಣ ಬಳಿಸುವಂತಿಲ್ಲದಿದ್ದರೆ ದೀಪ ಬದಲಿಸಿ, ಸೋಫಾದ ಹಿಂದೆ ಬಿಳಿಚಿದ ಕೈಮಗ್ಗದ ಬಟ್ಟೆಯೊಂದನ್ನು ಕೋಲಿಗೆ ಹಾಕಿ ಇಳಿಬಿಡಿ. ಅರ್ಧ ಕೆಲಸ ಆದಂತೆ.

3. ಬಣ್ಣ ಬಳಿಸುವುದು

ಹೊಳಪು ಫಿನಿಷ್ ಕೇಳಬೇಡಿ, ಅದು ಸೋಫಾದ ಬಣ್ಣವನ್ನು ಕನ್ನಡಿಯಂತೆ ತೋರಿಸುತ್ತದೆ. ತೊಳೆಯಬಹುದಾದ ಮ್ಯಾಟ್ ಎಮಲ್ಷನ್ ಸಾಕು. ಬಾಗಿಲು, ಕಿಟಕಿ ಕಳೆದು ಸುಮಾರು 420 ಚದರಡಿ ಗೋಡೆ ಉಳಿಯುತ್ತದೆ. ಲೀಟರಿಗೆ ಎರಡು ಕೋಟ್ ಸೇರಿ 130 ಚದರಡಿ ಹಿಡಿದರೆ ನಾಲ್ಕು ಲೀಟರಿನ ಒಂದು ಡಬ್ಬಿ. ಮೊದಲು ಗಾಢ ಬಣ್ಣವಿದ್ದ ಗೋಡೆಗೆ ಪ್ರೈಮರ್ ಒಂದು ಕೋಟ್ ಹೆಚ್ಚು ಹೊಡೆಸಿ.

4. ಜಮಖಾನ

ಕನಿಷ್ಠ 5x8 ಅಡಿಯದು, ಸೋಫಾದ ಮುಂಗಾಲುಗಳು ಅದರ ಮೇಲೆ ಬರಬೇಕು. 3x5ರದು ಹಾಕಿದರೆ ಕಾಲೊರಸು ಜಾರಿ ಬಂದು ಮಧ್ಯೆ ಬಿದ್ದಂತಿರುತ್ತದೆ.

ಸೋಫಾ ಸಾದಾ ಇರುವುದರಿಂದ ವಿನ್ಯಾಸಕ್ಕೆ ಇಲ್ಲಿ ಜಾಗವಿದೆ. ಧಾರವಾಡ ಜಿಲ್ಲೆಯ ನವಲಗುಂದದಲ್ಲಿ ಹೆಣ್ಣುಮಕ್ಕಳು ನೇಯುವ ಹತ್ತಿಯ ಜಮಖಾನಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಗೆರೆಗಳಲ್ಲೇ ಕಟ್ಟಿದ ನವಿಲು, ಪಗಡೆ ಹಾಸಿನಂಥ ಚೌಕಗಳು ಅವುಗಳ ಗುರುತು. ಸೋಫಾದ ನೀಲಿ ಒಂದೆರಡು ಗೆರೆಯಲ್ಲಿ ಮಾತ್ರ ಬರುವಂಥದ್ದನ್ನು ಹುಡುಕಿ. ಅರ್ಧಕ್ಕರ್ಧ ನೀಲಿ ಇರುವುದು ಬೇಡ. ಹತ್ತಿ ಜಮಖಾನ ಟೈಲ್ಸ್ ಮೇಲೆ ಜಾರುತ್ತದೆ. ಹಿರಿಯರಿರುವ ಮನೆಯಲ್ಲಿ ಕೆಳಗೆ ರಬ್ಬರ್ ಬಲೆ ಹಾಕದೆ ಬಿಡಲೇಬೇಡಿ. ಮೊದಲ ಸಲ ಒಗೆಯುವಾಗ ತಣ್ಣೀರಿನಲ್ಲಿ, ಬೇರೆ ಬಟ್ಟೆ ಸೇರಿಸದೆ ಒಗೆಯಿರಿ.

ಟೀಪಾಯಿ ಸೋಫಾದಿಂದ 15ರಿಂದ 18 ಅಂಗುಲ ದೂರ. ಸೋಫಾ ಗೋಡೆಯಿಂದ ಮೂರು ನಾಲ್ಕು ಅಂಗುಲ ಮುಂದಿರಲಿ. ಇಲ್ಲದಿದ್ದರೆ ತಲೆಯೆಣ್ಣೆಯ ಕಲೆ ಹೊಸ ಗೋಡೆಗೆ ಹತ್ತುತ್ತದೆ.

5. ಪರದೆ

ಗೋಡೆಯ ಬಣ್ಣಕ್ಕಿಂತ ಒಂದು ಮೆಟ್ಟಿಲು ಗಾಢವಾದ ಸಾದಾ ಹತ್ತಿ. ರಾಡ್ ಕಿಟಕಿ ಚೌಕಟ್ಟಿನ ಆರು ಅಂಗುಲ ಮೇಲೆ, ಎರಡೂ ಬದಿಗೆ ಎಂಟೆಂಟು ಅಂಗುಲ ಹೊರಗೆ. ಬಟ್ಟೆಯ ಅಗಲ ಕಿಟಕಿಯ ಎರಡರಷ್ಟು: ಐದು ಅಡಿ ಕಿಟಕಿಗೆ ನಾಲ್ಕು ಅಡಿಯ ಮೂರು ರೆಡಿಮೇಡ್ ಪರದೆ. ಎರಡೇ ಹಾಕಿದರೆ ನೆರಿಗೆ ನಿಲ್ಲದೆ ಹಾಳೆಯಂತೆ ಚಾಚಿಕೊಳ್ಳುತ್ತವೆ. ಪಶ್ಚಿಮದ ಬಿಸಿಲು ಸೋಫಾಕ್ಕೆ ಬೀಳುವಂತಿದ್ದರೆ ಲೈನಿಂಗ್ ಕಡ್ಡಾಯ. ಗಾಢ ಬಣ್ಣದ ಬಟ್ಟೆ ಮಾಸಿದ್ದು ತೆಳು ಬಣ್ಣಕ್ಕಿಂತ ಬೇಗ ಕಣ್ಣಿಗೆ ಬೀಳುತ್ತದೆ.

6. ಅಂಚು

ಸೋಫಾದ ಜೊತೆ ಬಂದ ಅದೇ ಬಟ್ಟೆಯ ಕುಶನ್‌ಗಳನ್ನು ಮಲಗುವ ಕೋಣೆಗೆ ಸಾಗಿಸಿ. ನವಿಲುಗರಿಗೆ ಹಳೆಯ ಸೀರೆಗಳೇ ಹೇಳುವ ಜೋಡಿ ಸಾಸಿವೆ, ಅರಗಿನ ಬಣ್ಣ, ಸುಟ್ಟ ಇಟ್ಟಿಗೆ. ಇವುಗಳಲ್ಲಿ ಒಂದನ್ನೇ ಹಿಡಿಯಿರಿ. ಏಳು ಅಡಿ ಸೋಫಾಕ್ಕೆ ಮೂರು ಕುಶನ್ ಧಾರಾಳ.

ಗುಳೇದಗುಡ್ಡದ ಖಣದಲ್ಲಿ 16 ಅಂಗುಲದ ಕವರ್ ಹೊಲಿಸಿದರೆ ವೆಲ್ವೆಟ್ ಮೇಲೆ ಬಹಳ ಚೆನ್ನಾಗಿ ಕೂರುತ್ತದೆ. ಮುಂಭಾಗಕ್ಕೆ ಮಾತ್ರ ಖಣ, ಹಿಂಭಾಗಕ್ಕೆ ದಪ್ಪ ಹತ್ತಿ ಬಟ್ಟೆ. ಖಣಕ್ಕೆ ಒಳಗಿನಿಂದ ಅಸ್ತರು ಕೊಡಲು ಟೈಲರ್‌ಗೆ ತಪ್ಪದೆ ಹೇಳಿ, ಒರಗಿ ಒರಗಿ ಹೊಲಿಗೆಯ ಬಳಿ ಎಳೆ ಬಿಡುವುದು ಇದರಿಂದ ತಪ್ಪುತ್ತದೆ. ಒಳಗಿನ ದಿಂಬು ಕವರ್‌ಗಿಂತ ಎರಡು ಅಂಗುಲ ದೊಡ್ಡದು, ಅಂದರೆ 18 ಅಂಗುಲದ್ದು ಇರಲಿ. ಆಗಲೇ ಮೂಲೆಗಳು ತುಂಬಿ ನಿಲ್ಲುತ್ತವೆ.

ಸೋಫಾದ ನೀಲಿ ಕೋಣೆಯಲ್ಲಿ ಇನ್ನು ಮೂರೇ ಕಡೆ ಬರಲಿ, ಮೂರೂ ಬೇರೆ ಬೇರೆ ಎತ್ತರದಲ್ಲಿ: ಜಮಖಾನದ ಗೆರೆ, ಟೀಪಾಯಿ ಮೇಲಿನ ಚನ್ನಪಟ್ಟಣದ ಅರಗಿನ ಬಟ್ಟಲು, ಗೋಡೆಯ ಚಿತ್ರದ ಒಂದು ಮೂಲೆ. ಹುಬೇಹೂಬು ಅದೇ ನೀಲಿ ಹುಡುಕಿ ಅಲೆಯಬೇಡಿ. ತುಸು ಕಪ್ಪಾದದ್ದು, ತುಸು ತಿಳಿಯಾದದ್ದು ಇದ್ದರೇ ಸಹಜ. ಬೀದರ್‌ನ ಬಿದರಿ ಹೂಜಿಯ ಕಪ್ಪು ಮೈ, ಬೆಳ್ಳಿ ಗೆರೆ ಈ ನೀಲಿಗೆ ಒಪ್ಪುತ್ತದೆ. ಮನಿಪ್ಲಾಂಟ್ ಕುಂಡವನ್ನು ಸೋಫಾಕ್ಕೆ ಒತ್ತಿ ಇಡಬೇಡಿ, ಎಲೆಯ ಹಸಿರು ಆ ಬಣ್ಣದೊಳಗೆ ಸೇರಿಹೋಗುತ್ತದೆ; ಕಿಟಕಿಯ ಬಳಿ ಇರಲಿ.

7. ಚಿತ್ರ

ಸೋಫಾದ ಮೇಲಿನ ಚಿತ್ರದ ಅಗಲ ಸೋಫಾದ ಮೂರನೇ ಎರಡು ಪಾಲು, ಎಂದರೆ ಸುಮಾರು ನಾಲ್ಕೂಮುಕ್ಕಾಲು ಅಡಿ. ಅಷ್ಟು ದೊಡ್ಡದಿಲ್ಲದಿದ್ದರೆ ಎರಡು ಮೂರನ್ನು ಎರಡು ಅಂಗುಲ ಅಂತರದಲ್ಲಿ ಒಟ್ಟುಗೂಡಿಸಿ. ನಮ್ಮಲ್ಲಿ ಎಲ್ಲರೂ ದೇವರ ಪಟದಂತೆ ಮೇಲೆ ಹಾಕುತ್ತಾರೆ, ಆಗ ಸೋಫಾಕ್ಕೂ ಚಿತ್ರಕ್ಕೂ ಸಂಬಂಧವೇ ಉಳಿಯುವುದಿಲ್ಲ. ಚೌಕಟ್ಟಿನ ಕೆಳಗಂಚು ಸೋಫಾದ ಬೆನ್ನಿನಿಂದ ಆರರಿಂದ ಎಂಟು ಅಂಗುಲ ಮೇಲಿದ್ದರೆ ಸಾಕು. ಡ್ರಿಲ್ ಹಿಡಿಯುವ ಮುಂಚೆ ಹಳೆಯ ಪೇಪರನ್ನು ಚಿತ್ರದ ಅಳತೆಗೆ ಕತ್ತರಿಸಿ ಅಂಟಿಸಿ, ಯಾರನ್ನಾದರೂ ಸೋಫಾದಲ್ಲಿ ಕೂರಿಸಿ ನೋಡಿ. ತಲೆ ಒರಗಿಸಿದಾಗ ಪೇಪರಿಗೆ ತಾಗಿದರೆ ಎರಡು ಅಂಗುಲ ಮೇಲೆ ಸರಿಸಿ, ಆಮೇಲೆ ತೂತು ಕೊರೆಯಿರಿ.