ಗ್ರೀನ್ ಕಾರ್ಡ್: ಬಾಗಲಕೋಟೆಯ ಜನನ ದಾಖಲೆ ಇಲ್ಲದಾಗ

ವಿಸಿಟರ್ ವೀಸಾದಲ್ಲಿದ್ದೇ, ಅಮೆರಿಕದ ಪ್ರಜೆಯಾದ ಗಂಡನ ಮೂಲಕ ಐ-130 (ಗಂಡ ಸಲ್ಲಿಸುವ ಸಂಬಂಧದ ಅರ್ಜಿ), ಐ-485 (ನನ್ನ ಗ್ರೀನ್ ಕಾರ್ಡ್ ಅರ್ಜಿ) ಒಟ್ಟಿಗೆ ಹಾಕಿದೆ. ಜನನ ಪುರಾವೆ ಸಾಲದೆಂದು ಅಮೆರಿಕದ ವಲಸೆ ಇಲಾಖೆಯಿಂದ ಪತ್ರ ಬಂತು. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಪಾಸ್‌ಪೋರ್ಟ್ ಯಾವುದೂ ನಡೆಯಲಿಲ್ಲ. ದಾಖಲೆಯೇ ಇಲ್ಲವೆಂದು ಮೊದಲು ತೋರಿಸಬೇಕು.

ಬಾಗಲಕೋಟೆಯ ಜನನ-ಮರಣ ನೋಂದಣಿ ಕಚೇರಿಯಿಂದ ಅಪ್ಪ ನಮೂನೆ 10ರ ಅಲಭ್ಯತಾ ಪತ್ರ (ಜನನ ದಾಖಲೆ ಲಭ್ಯವಿಲ್ಲ ಎಂಬ ಪತ್ರ) ತಂದರು. ನಂತರ ಅವ್ವ, ಸೋದರಮಾವ ಇಬ್ಬರದೂ ಬೇರೆಬೇರೆ ನೋಟರಿ ಅಫಿಡವಿಟ್: ಹುಟ್ಟಿದ ದಿನ, ಊರು, ತಂದೆತಾಯಿ ಹೆಸರು, ಇದು ತಮಗೆ ಹೇಗೆ ಗೊತ್ತು ಎಂಬುದು. ಕೊನೆಯ ಸಾಲು ಬಿಡಲೇಬೇಡಿ. ಹೆಸರಿನ ಸ್ಪೆಲ್ಲಿಂಗ್ ಪಾಸ್‌ಪೋರ್ಟಿನಂತೆಯೇ ಇರಲಿ. ಕನ್ನಡದ ಪ್ರತಿ ಹಾಳೆಗೂ ಪೂರ್ಣ ಇಂಗ್ಲಿಷ್ ಅನುವಾದ, ಅನುವಾದಕರ ಸಹಿಯ ದೃಢೀಕರಣ ಬೇಕು.

ಪೂರಕವಾಗಿ ಅಂಕಪಟ್ಟಿಯನ್ನೂ ಸೇರಿಸಿ, ಪತ್ರದಲ್ಲಿರುವ ಗಡುವಿನೊಳಗೆ ಒಂದೇ ಲಕೋಟೆಯಲ್ಲಿ ಕಳಿಸಿ. ಅರ್ಧ ಕಳಿಸಿದರೆ ಅಷ್ಟರ ಮೇಲೇ ತೀರ್ಮಾನ. ಐ-131 (ಪ್ರಯಾಣದ ಅನುಮತಿ ಅರ್ಜಿ) ಮಂಜೂರಾಗದೆ ಊರಿಗೆ ಹೊರಟರೆ ಐ-485 ಕೈಬಿಟ್ಟಂತೆ.