ಮಂಡಕ್ಕಿ ರಾಶಿಯಿಂದ ತರ್ಕದ ತೊಡಕೊಂದನ್ನು ತೋರಿಸುವ ಬಗೆ

ದಾವಣಗೆರೆಯಲ್ಲಿ ತರ್ಕಶಾಸ್ತ್ರದ ತರಗತಿಗೆ ಉಪಕರಣ ಹುಡುಕಬೇಕಾಗಿಲ್ಲ. ಒಂದು ಸೇರು ಮಂಡಕ್ಕಿ ಸಾಕು. ಖಾರ ಹಚ್ಚಿದ್ದು ಬೇಡ, ಕಾಳುಗಳು ಒಂದಕ್ಕೊಂದು ಅಂಟುತ್ತವೆ. ಫ್ಯಾನ್ ಆರಿಸಿ, ಮಂಡಕ್ಕಿಯನ್ನು ಪತ್ರಿಕೆಯ ಹಾಳೆಯ ಮೇಲೆ ಸುರಿದು, ಇದು ರಾಶಿಯೆಂದು ವಿದ್ಯಾರ್ಥಿಗಳಿಂದ ಒಪ್ಪಿಸಿಕೊಳ್ಳಿ. ಬಳಿಕ, ಒಂದು ಕಾಳು ತೆಗೆದ ಮಾತ್ರಕ್ಕೆ ರಾಶಿಯು ರಾಶಿಯಲ್ಲದೆ ಹೋಗುವುದಿಲ್ಲ ಎಂಬ ನಿಯಮಕ್ಕೂ ಒಪ್ಪಿಗೆ ಪಡೆದು ಕಪ್ಪುಹಲಗೆಯ ಮೇಲೆ ಬರೆದಿಡಿ. ಮುಂದೆ ಎಲ್ಲರೂ ಜಾರಿಕೊಳ್ಳಲು ನೋಡುವುದು ಇಲ್ಲಿಯೇ. ಈಗ ಒಂದೊಂದೇ ಕಾಳು ತೆಗೆಯುತ್ತ ಹೋಗಿ. ನಿಯಮವನ್ನು ಬಿಡದೆ ಅನ್ವಯಿಸಿದರೆ, ಕೊನೆಗೆ ಉಳಿದ ಒಂಟಿ ಕಾಳನ್ನೂ ರಾಶಿಯೆನ್ನಬೇಕಾಗುತ್ತದೆ.

ಕ್ರಿಸ್ತಪೂರ್ವ 4ನೆಯ ಶತಮಾನದ ಗ್ರೀಕ್ ತಾರ್ಕಿಕ ಯೂಬುಲಿಡೀಸನ ಹೆಸರಿಗೆ ಸೇರಿರುವ ಈ ವಿರೋಧಾಭಾಸಕ್ಕೆ ಸರ್ವಸಮ್ಮತ ಪರಿಹಾರ ಇಂದಿಗೂ ದೊರೆತಿಲ್ಲ. ಯಾವುದೋ ಒಂದು ಕಾಳಿನಲ್ಲಿ ಗಡಿ ನಿಶ್ಚಿತವಾಗಿಯೇ ಇದೆ, ಅದು ನಮಗೆ ತಿಳಿಯಲಾರದು ಅಷ್ಟೆ ಎನ್ನುತ್ತಾರೆ ಬ್ರಿಟಿಷ್ ತತ್ತ್ವಶಾಸ್ತ್ರಜ್ಞ ಟಿಮೊಥಿ ವಿಲಿಯಮ್ಸನ್. ಗಣಿತಜ್ಞ ಲಾತ್ಫಿ ಝಾದೆ 1965ರಲ್ಲಿ ಮಂಡಿಸಿದ ಫಜಿ ಗಣಗಳ, ಅಂದರೆ ವಸ್ತುವೊಂದು ಭಾಗಶಃವೂ ಸೇರಿರಬಹುದಾದ ಗುಂಪುಗಳ, ದಾರಿ ಹಿಡಿದವರಾದರೋ ರಾಶಿತನಕ್ಕೆ 0ಯಿಂದ 1ರವರೆಗಿನ ಮಟ್ಟಗಳನ್ನು ಕೊಡುತ್ತಾರೆ. ಮೊದಲನೆಯ ಮಾತು ನುಂಗಲು ಕಷ್ಟ. ಆದರೂ ಅಲ್ಲಗಳೆಯುವುದು ಇನ್ನೂ ಕಷ್ಟವೆಂದು ನನ್ನ ಅನಿಸಿಕೆ.

ಇವೆರಡನ್ನೂ ವಿವರಿಸುವ ಮೊದಲೇ, ಎಷ್ಟು ಕಾಳು ಉಳಿದಾಗ ರಾಶಿ ಮುಗಿಯಿತೆಂದು ಪ್ರತಿಯೊಬ್ಬರೂ ಚೀಟಿಯಲ್ಲಿ ಗುಟ್ಟಾಗಿ ಬರೆಯಲಿ. ಚೀಟಿಗಳನ್ನು ಬಿಚ್ಚಿ ಓದಿದ ಮೇಲೆ ಚರ್ಚೆಗೆ ಬಿಡಿ.