ಗಿನಿಪಿಗ್ ಹಾಸಿನಡಿಗೆ ನುಗ್ಗದಂತೆ ಪಂಜರ ಸಜ್ಜು ಮಾಡುವುದು ಹೇಗೆ?

ಕಳೆದ ತಿಂಗಳು ನಮ್ಮ ಬೀದಿಯ ಒಂದು ಮನೆಯವರು ಗಿನಿಪಿಗ್ ಪಂಜರ ನೋಡಿ ಹೋಗಿ ಎಂದು ಕರೆದಿದ್ದರು. ಹೋಗಿ ನೋಡಿದರೆ ಬರೀ ಗುಲಾಬಿ ಬಣ್ಣದ ಫ್ಲೀಸ್ (ಮೆತ್ತನೆಯ ಸಿಂಥೆಟಿಕ್) ಬಟ್ಟೆ, ಪ್ರಾಣಿಗಳೇ ಕಾಣಲಿಲ್ಲ. ಸ್ವಲ್ಪ ಹೊತ್ತಿಗೆ ಬಟ್ಟೆಯ ಮೂಲೆಯೊಂದು ಉಬ್ಬಿತು, ಆ ಉಬ್ಬು ಮೆಲ್ಲಗೆ ನೀರಿನ ಬಾಟಲಿಯ ಕಡೆ ಸರಿಯಿತು. ಎತ್ತಿಕೊಂಡಾಗ ಹೊಟ್ಟೆಯ ಕೂದಲು ಹಳದಿಗಟ್ಟಿ ಒದ್ದೆಯಾಗಿತ್ತು, ಹಿಂಗಾಲಿನ ಅಂಗಾಲು ಕೆಂಪೇರಿತ್ತು. ಬಟ್ಟೆಯಡಿ ಹಾಸಿದ್ದ, ಮೂತ್ರ ಕುಡಿದ ಟವೆಲ್ ಮೇಲೆ, ಅಮೋನಿಯಾ ಘಾಟಿನಲ್ಲಿ ಅವು ದಿನವಿಡೀ ಮಲಗುತ್ತಿದ್ದವು. ಉಸಿರಾಟಕ್ಕೂ ಪಾದಕ್ಕೂ ಇದಕ್ಕಿಂತ ಕೆಟ್ಟದ್ದಿಲ್ಲ.

ಎಲ್ಲರೂ ಮೊದಲು ಬಟ್ಟೆ ಬಿಗಿಮಾಡಲು ಹೋಗುತ್ತಾರೆ. ಬೇಡ, ಮೊದಲು ಅಡಗಲು ಜಾಗ ಕೊಡಿ. ಗಿನಿಪಿಗ್ ಇಲಿಯ ಹಾಗೆ ಬಿಲ ತೋಡುವ ಪ್ರಾಣಿಯಲ್ಲ. ದಕ್ಷಿಣ ಅಮೆರಿಕದಲ್ಲಿರುವ ಇದರ ಕಾಡುಬಂಧುಗಳು ಎತ್ತರದ ಹುಲ್ಲಿನ ನಡುವೆ ದಾರಿ ಮಾಡಿಕೊಂಡು ಬದುಕುತ್ತವೆ. ತಲೆಯ ಮೇಲೆ ಮರೆ ಇಲ್ಲದಿದ್ದರೆ ಇವಕ್ಕೆ ಜೀವಭಯ, ಅದಕ್ಕೇ ಸಿಕ್ಕ ಬಟ್ಟೆಯಡಿ ನುಗ್ಗುತ್ತವೆ. ಒಂದೊಂದಕ್ಕೂ ಒಂದೊಂದು ರಟ್ಟಿನ ಡಬ್ಬಿ ಇಡಿ. ಪ್ರತಿ ಡಬ್ಬಿಗೂ ಎರಡು ಬಾಗಿಲು ಕತ್ತರಿಸಿ. ಒಂದೇ ಬಾಗಿಲಿದ್ದರೆ ಜೋರಿನದು ಅಡ್ಡ ನಿಂತು ಇನ್ನೊಂದನ್ನು ಒಳಗೇ ಕೂಡಿಹಾಕುತ್ತದೆ. ಒಂದು ಮೂಲೆಗೆ ಫ್ಲೀಸ್ ತುಂಡನ್ನು ಪರದೆಯಂತೆ ಇಳಿಬಿಡಿ. ನುಗ್ಗುವ ಆಸೆ ಅಲ್ಲೇ ತೀರಲಿ.

ಎರಡನೆಯದು ಒಗೆಯುವುದು. ಹೊಸ ಫ್ಲೀಸ್ ಮೇಲೆ ನೀರು ಹನಿಹನಿಯಾಗಿ ನಿಲ್ಲುತ್ತದೆ, ಕೆಳಗಿಳಿಯುವುದಿಲ್ಲ. ಬಿಸಿನೀರಿನಲ್ಲಿ ಮೂರ್ನಾಲ್ಕು ಸಲ ಒಗೆದು, ಟವೆಲ್ ಮೇಲೆ ಹಾಸಿ, ಒಂದು ಚಮಚ ನೀರು ಸುರಿದು ನೋಡಿ. ನೀರು ಟವೆಲಿಗೆ ಇಳಿದರೆ ಬಟ್ಟೆ ಸಿದ್ಧ. ಘಮಘಮಿಸಲಿ ಎಂದು ಫ್ಯಾಬ್ರಿಕ್ ಕಂಡಿಷನರ್ ಹಾಕಲೇಬೇಡಿ. ಅದು ಎಳೆಗೆ ಮೆತ್ತಿಕೊಂಡರೆ ಮತ್ತೆ ನೀರು ಇಳಿಯುವುದಿಲ್ಲ.

ಇನ್ನು ಅಂಚು ಕಟ್ಟುವ ಕೆಲಸ. ಎಲ್ಲರೂ ಕೆಡಿಸುವುದು ಇಲ್ಲೇ. ಬಟ್ಟೆಯ ಮೇಲೆ ಕಲ್ಲು, ಬಟ್ಟಲು ಹೇರಿದರೆ ಒಂದೇ ರಾತ್ರಿಯಲ್ಲಿ ಸರಿಸಿಬಿಡುತ್ತವೆ. ಬಟ್ಟೆ ಒಣಹಾಕುವ ಪ್ಲಾಸ್ಟಿಕ್ ಕ್ಲಿಪ್ ಸಿಕ್ಕಿಸಿದರೆ ಕಡಿದು ಚೂರು ಮಾಡುತ್ತವೆ. ಸೇಫ್ಟಿಪಿನ್ನಂತೂ ಪಂಜರದ ಹತ್ತಿರವೂ ಬರಬಾರದು. ಬೋರ್ಡ್ ಬರೆಯುವ ಅಂಗಡಿಯಲ್ಲಿ ಸಿಗುವ ಸನ್‌ಪ್ಯಾಕ್ ಶೀಟ್ (ರಟ್ಟಿನಂತೆ ಒಳಗೆ ಟೊಳ್ಳಿರುವ ಪ್ಲಾಸ್ಟಿಕ್ ಹಾಳೆ) ತನ್ನಿ, ಬಟ್ಟೆಯನ್ನು ಇದಕ್ಕೇ ಸುತ್ತಿ ಕಟ್ಟುವುದು. ಎರಡು ಗಿನಿಪಿಗ್‌ಗೆ ನಾಲ್ಕಡಿ ಉದ್ದ, ಎರಡಡಿ ಅಗಲದ ನೆಲ ಕನಿಷ್ಠ. ಶೀಟನ್ನು ನೆಲದ ಅಳತೆಗೆ ಸರಿಯಾಗಿ ಕತ್ತರಿಸಬೇಡಿ, ನಾಲ್ಕೂ ಕಡೆ ಅರ್ಧ ಇಂಚು ಕಮ್ಮಿ ಇರಲಿ. ಬಟ್ಟೆಯ ದಪ್ಪಕ್ಕೆ ಜಾಗ ಬಿಡದಿದ್ದರೆ ಶೀಟ್ ನಡುವೆ ಕಮಾನಿನಂತೆ ಏಳುತ್ತದೆ, ಅಂಚಿನಲ್ಲಿ ಮೂಗು ತೂರಲು ಸಂದಿ ಸಿಗುತ್ತದೆ.

ಶೀಟಿನ ಮೇಲೆ ಹಳೆಯ ಟರ್ಕಿ ಟವೆಲ್ ಎರಡು ಪದರ, ಅದರ ಮೇಲೆ ಸುತ್ತಲೂ ಆರು ಇಂಚು ಹೆಚ್ಚಿರುವ ಫ್ಲೀಸ್ ಹಾಸಿ. ಎಲ್ಲವನ್ನೂ ಒಟ್ಟಿಗೆ ಹಿಡಿದು ಮಗುಚಿ. ಈಗ ಶಾಲೆಯ ಪುಸ್ತಕಕ್ಕೆ ಬೈಂಡ್ ಹಾಕುವ ಹಾಗೆಯೇ: ಮೊದಲು ನಾಲ್ಕು ಮೂಲೆಗಳನ್ನು ತ್ರಿಕೋನವಾಗಿ ಒಳಗೆ ಮಡಚಿ, ಆಮೇಲೆ ಉದ್ದದ ಅಂಚು, ಕೊನೆಗೆ ಅಗಲದ ಅಂಚು. ಮೂಲೆ ಬಿಟ್ಟು ಅಂಚಿನಿಂದ ಶುರುಮಾಡಿದರೆ ಮೂಲೆಯಲ್ಲಿ ಕಿವಿಯಂತೆ ಬಟ್ಟೆ ಚಾಚಿಕೊಳ್ಳುತ್ತದೆ, ಅವು ಅದನ್ನೇ ಹಲ್ಲಿನಲ್ಲಿ ಹಿಡಿದು ಎಳೆಯುತ್ತವೆ. ಗೋಣಿಚೀಲ ಹೊಲಿಯುವ ದಬ್ಬಣಕ್ಕೆ ದಪ್ಪ ನೂಲು ಪೋಣಿಸಿ, ಎದುರುಬದುರಿನ ಅಂಚುಗಳನ್ನು ಶೂ ಲೇಸಿನಂತೆ ಅತ್ತಿತ್ತ ಎಳೆದು ಬಿಗಿಯಿರಿ. ಟೈಲರ್ ಹತ್ತಿರ ಸುತ್ತ ಎಲಾಸ್ಟಿಕ್ ಹಾಕಿಸಿಕೊಂಡರೂ ಆಗುತ್ತದೆ, ಬಿಚ್ಚಿ ಒಗೆಯಲು ಸಲೀಸು. ನನಗೆ ಮಾತ್ರ ನೂಲಿನ ಬಿಗಿಯ ಮೇಲೇ ನಂಬಿಕೆ. ಮಗುಚಿ ಪಂಜರದಲ್ಲಿ ಇಳಿಸಿ, ಸುತ್ತಲೂ ಬೆರಳು ಆಡಿಸಿ. ಕಿರುಬೆರಳು ತೂರಿದರೂ ಬಿಚ್ಚಿ ಮತ್ತೆ ಕಟ್ಟಿ.

ಇಷ್ಟೆಲ್ಲ ಯಾಕೆ ಎಂದು ಕೆಲವರು ಸಾಮಿಲ್‌ನಿಂದ ಮರದ ಹೊಟ್ಟು ತಂದು ಸುರಿಯುತ್ತಾರೆ. ಅದರ ದೂಳು ಸೀದಾ ಶ್ವಾಸಕೋಶಕ್ಕೆ ಹೋಗುತ್ತದೆ. ಪೈನ್, ದೇವದಾರು ಆದರೆ ಅವುಗಳ ಘಾಟೂ ಸೇರುತ್ತದೆ. ನಾಯಿಮರಿಗೆ ಹಾಸುವ ಪ್ಯಾಡ್ ಕೂಡ ಬೇಡ, ಒಂದು ಅಂಚು ಸಿಕ್ಕರೂ ಪ್ಲಾಸ್ಟಿಕ್ ಹರಿದು ತಿನ್ನುತ್ತವೆ.

ದಿನಾ ಹಿಕ್ಕೆ ಗುಡಿಸಿ. ವಾರಕ್ಕೆ ಎರಡು ಸಲ ಹಾಸು ಬದಲಿಸಿ, ಮಳೆಗಾಲಕ್ಕೆ ಮೂರು ಜೊತೆ ಇಟ್ಟುಕೊಳ್ಳಿ. ಮೆಷಿನ್‌ಗೆ ಹಾಕುವ ಮೊದಲು ಕೂದಲು, ಹುಲ್ಲು ಚೆನ್ನಾಗಿ ಕೊಡವಿ.

ಹೊಸ ಹಾಸು ಹಾಕಿದ ಮರುದಿನ ಬೆಳಿಗ್ಗೆ, ಅವು ಹೆಚ್ಚು ಮಲಗುವ ಕಡೆ ಅಂಗೈಯನ್ನು ಒತ್ತಿ ಹತ್ತು ಎಣಿಸಿ. ಅಂಗೈ ಒಣಗಿದ್ದರೆ ಸರಿ. ತೇವ ಹತ್ತಿದರೆ ಅಂಚು ಚೆನ್ನಾಗಿ ಕೂತಿದ್ದರೂ ಬಿಚ್ಚಿ, ಫ್ಲೀಸನ್ನು ಇನ್ನೊಮ್ಮೆ ಬಿಸಿನೀರಿಗೆ ಹಾಕಿ.